ಬಂದರು, ಸುಂಕ, ಒಳನಾಡು: ವ್ಯಾಪಾರ ನೀತಿ ಮತ್ತು ಬೆಳವಣಿಗೆಯ ಚಿಂತನೆ ನಡೆದುಬಂದ ದಾರಿ

ಒಂದು ದೇಶದ ಗಡಿ ದಾಟಿ ಬರುವ ಮತ್ತು ಹೋಗುವ ಸರಕಿನ ಮೇಲೆ ಹಾಕುವ ಸುಂಕ, ಗೊತ್ತುಪಡಿಸುವ ಪ್ರಮಾಣದ ಮಿತಿ, ಕೊಡುವ ಅಥವಾ ತಡೆಹಿಡಿಯುವ ಪರವಾನಗಿ, ರಫ್ತುದಾರರಿಗೆ ಸಲ್ಲುವ ಸಹಾಯಧನ, ನಾಣ್ಯದ ವಿನಿಮಯ ದರ, ಇತರ ದೇಶಗಳೊಡನೆ ಮಾಡಿಕೊಳ್ಳುವ ಒಪ್ಪಂದ, ಇವೆಲ್ಲವನ್ನೂ ಸೇರಿಸಿ ವ್ಯಾಪಾರ ನೀತಿ ಎಂದು ಕರೆಯುವುದು ವಾಡಿಕೆ. ಈ ನೀತಿ ಅಭಿವೃದ್ಧಿಶೀಲ ದೇಶವೊಂದರ ಬೆಳವಣಿಗೆಯನ್ನು ಹೇಗೆ ರೂಪಿಸುತ್ತದೆ ಎಂಬ ಪ್ರಶ್ನೆ ಅರ್ಥಶಾಸ್ತ್ರದಷ್ಟೇ ಹಳೆಯದು. ಅದಕ್ಕೆ ದೊರೆತ ಉತ್ತರಗಳು ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಬಾಗಿಲು ತೆರೆದರೆ ಸಂಪತ್ತು ಬರುತ್ತದೆ ಎಂದವರಿದ್ದಾರೆ, ಬಾಗಿಲು ಹಾಕಿಕೊಂಡರೆ ಮಾತ್ರ ಉದ್ದಿಮೆ ಬೆಳೆಯುತ್ತದೆ ಎಂದವರೂ ಇದ್ದಾರೆ. ಎರಡೂ ವಾದಗಳಿಗೆ ಸಾಕ್ಷ್ಯವಿದೆ, ಎರಡಕ್ಕೂ ಎದುರುಸಾಕ್ಷ್ಯವಿದೆ.

ಈ ಚಿಂತನೆ ಹಂತಹಂತವಾಗಿ ಬೆಳೆದ ಬಗೆಯನ್ನು ಗುರುತಿಸುವುದು ಮತ್ತು ಪ್ರತಿ ಹಂತವನ್ನೂ ಒಂದು ನಿರ್ದಿಷ್ಟ ನೆಲದ ಅನುಭವಕ್ಕೆ ಒಡ್ಡಿ ನೋಡುವುದು ಈ ಸಮೀಕ್ಷೆಯ ಉದ್ದೇಶ. ಆ ನೆಲ ಕಾಳಿ ನದಿಯ ಅಳಿವೆಯಿಂದ ಗಂಗಾವಳಿಯ ಅಳಿವೆಯವರೆಗೆ ಹಬ್ಬಿರುವ, ಕಾರವಾರ, ಬಿಣಗಾ, ಅಮದಳ್ಳಿ, ಹಾರವಾಡ, ಬೇಲೆಕೇರಿ, ಕೇಣಿ, ಅಂಕೋಲೆಗಳನ್ನು ಒಳಗೊಂಡ ಕಡಲತೀರ. ಮೆಣಸು, ಮಸ್ಲಿನ್ ಬಟ್ಟೆ, ಹತ್ತಿ, ಉಪ್ಪು, ಸಿಗಡಿ, ಕಬ್ಬಿಣದ ಅದಿರು ಹೀಗೆ ಒಂದೊಂದು ಕಾಲದಲ್ಲಿ ಒಂದೊಂದು ಸರಕು ಈ ತೀರದ ಭಾಗ್ಯವನ್ನು ನಿರ್ಧರಿಸಿದೆ. ಪ್ರತಿಸಲವೂ ಆ ಸರಕಿನ ಹಿಂದೆ ಲಿಸ್ಬನ್, ಲಂಡನ್, ಮುಂಬಯಿ, ದೆಹಲಿ ಅಥವಾ ಜಿನೀವಾದಲ್ಲಿ ರೂಪುಗೊಂಡ ನೀತಿಯೊಂದು ಕೆಲಸ ಮಾಡಿದೆ. ಬಾಗಿಲು ಎಷ್ಟು ತೆರೆದಿತ್ತು ಎಂಬುದಕ್ಕಿಂತ, ಬಂದರಿನ ಹಿಂದೆ ಯಾವ ದಾರಿ, ಯಾವ ಉದ್ದಿಮೆ, ಯಾವ ಕಾನೂನು ಇತ್ತು ಮತ್ತು ಆ ನೀತಿಯನ್ನು ರೂಪಿಸುವಲ್ಲಿ ತೀರದ ಜನರಿಗೆ ಎಷ್ಟು ಮಾತಿತ್ತು ಎಂಬುದೇ ಇಲ್ಲಿನ ಬೆಳವಣಿಗೆಯನ್ನು ತೀರ್ಮಾನಿಸಿದೆ ಎಂಬುದು ಈ ಲೇಖನದ ನಿಲುವು.

ವಣಿಕವಾದದಿಂದ ಮುಕ್ತ ವ್ಯಾಪಾರದವರೆಗೆ

ಹದಿನಾರು ಮತ್ತು ಹದಿನೇಳನೆಯ ಶತಮಾನಗಳ ಯುರೋಪಿನಲ್ಲಿ ಪ್ರಬಲವಾಗಿದ್ದ ವಿಚಾರವನ್ನು ವಣಿಕವಾದ ಎನ್ನುತ್ತಾರೆ. ರಫ್ತು ಹೆಚ್ಚಾಗಬೇಕು, ಆಮದು ಕಡಿಮೆಯಾಗಬೇಕು, ವ್ಯತ್ಯಾಸದ ಮೊತ್ತ ಚಿನ್ನ ಬೆಳ್ಳಿಯಾಗಿ ದೇಶದ ಬೊಕ್ಕಸ ಸೇರಬೇಕು, ಇದಕ್ಕಾಗಿ ಪ್ರಭುತ್ವ ತನ್ನ ಸೈನ್ಯಬಲವನ್ನೂ ಬಳಸಬಹುದು ಎಂಬುದು ಅದರ ತಿರುಳು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಅರಬ್ಬೀ ಸಮುದ್ರದಲ್ಲಿ ಜಾರಿಗೆ ತಂದ ಕಾರ್ತಾಜ್ ಎಂಬ ರಹದಾರಿ ಪದ್ಧತಿ ಈ ವಿಚಾರದ ನೇರ ರೂಪವಾಗಿತ್ತು: ರಹದಾರಿ ಪಡೆಯದ, ಅವರ ಬಂದರಿನಲ್ಲಿ ಸುಂಕ ಕಟ್ಟದ ಹಡಗನ್ನು ಹಿಡಿಯಲಾಗುತ್ತಿತ್ತು. ಅದುವರೆಗೆ ಯಾರ ಅಪ್ಪಣೆಯೂ ಇಲ್ಲದೆ ಪಡುವಣ ಕಡಲಲ್ಲಿ ಸಾಗುತ್ತಿದ್ದ ಮೆಣಸು ಮತ್ತು ಅಕ್ಕಿಯ ವ್ಯಾಪಾರ ಹೀಗೆ ಹೊರಗಿನ ಶಕ್ತಿಯೊಂದರ ನೀತಿಗೆ ಒಳಪಟ್ಟಿತು.

1638ರಲ್ಲಿ ವಿಲಿಯಂ ಕೋರ್ಟೀನ್‌ನ ವ್ಯಾಪಾರ ಕೂಟ ಕಾರವಾರದಲ್ಲಿ ಕೋಠಿ ತೆರೆದದ್ದಕ್ಕೆ ಸೋಂದೆ ಸೀಮೆಯ ಮೆಣಸಿನ ಖ್ಯಾತಿಯೇ ಕಾರಣ. ಆದರೆ ಕೆಲವೇ ದಶಕಗಳಲ್ಲಿ ಈ ಕೋಠಿಯಿಂದ ಹೊರಟ ಸರಕಿನಲ್ಲಿ ಮೆಣಸು, ಏಲಕ್ಕಿಗಳ ಜೊತೆಗೆ ಪಶ್ಚಿಮ ಭಾರತದ ಅತ್ಯುತ್ತಮ ಮಸ್ಲಿನ್ ಬಟ್ಟೆಯೂ ಸೇರಿತು; ಅದನ್ನು ನೇಯುತ್ತಿದ್ದುದು ಘಟ್ಟದ ಮೇಲಿನ ಹುಬ್ಬಳ್ಳಿ ಮತ್ತು ಸುತ್ತಲಿನ ಊರುಗಳಲ್ಲಿ. ಆ ಪ್ರದೇಶದಲ್ಲಿ ಕೋಠಿಗಾಗಿ ದುಡಿಯುತ್ತಿದ್ದ ನೇಕಾರರ ಸಂಖ್ಯೆ ಐವತ್ತು ಸಾವಿರದವರೆಗೂ ಇತ್ತೆಂದು ಬ್ರಿಟಿಷರ ಕಾಲದ ಜಿಲ್ಲಾ ಗೆಜೆಟಿಯರ್ ದಾಖಲಿಸುತ್ತದೆ. ಈ ಸಂಖ್ಯೆಯನ್ನು ಎಚ್ಚರದಿಂದ ತೆಗೆದುಕೊಂಡರೂ ಒಂದು ಮಾತು ಸ್ಪಷ್ಟ: ಕಾರವಾರ ಆಗ ಕಚ್ಚಾ ಸರಕಿನ ಬಂದರು ಮಾತ್ರವಾಗಿರಲಿಲ್ಲ, ತಯಾರಾದ ಸರಕಿನ ಬಂದರೂ ಆಗಿತ್ತು, ಮತ್ತು ಘಟ್ಟದ ಮೇಲಿನ ಕೈಕಸುಬು ಕೆಳಗಿನ ಹಡಗಿನೊಡನೆ ಎತ್ತಿನ ಹಾದಿಯ ಮೂಲಕ ಗಟ್ಟಿಯಾಗಿ ಬೆಸೆದುಕೊಂಡಿತ್ತು.

ಇಂಗ್ಲೆಂಡು ತನ್ನ ನೇಕಾರರನ್ನು ಕಾಪಾಡಿಕೊಳ್ಳಲು 1700 ಮತ್ತು 1721ರ ಕಾಯಿದೆಗಳ ಮೂಲಕ ಭಾರತದ ಚೀಟಿಬಟ್ಟೆಯನ್ನು ನಿರ್ಬಂಧಿಸಿತು. ಕಾರವಾರದ ಕೋಠಿ ಸ್ಥಳೀಯ ಯುದ್ಧಗಳ ನಡುವೆ ಏಳುಬೀಳು ಕಂಡು 1752ರಲ್ಲಿ ಮುಚ್ಚಿತು. ತನ್ನ ಗಿರಣಿಗಳು ಬೆಳೆಯುವವರೆಗೆ ಬಾಗಿಲು ಹಾಕಿಕೊಂಡಿದ್ದ ಅದೇ ದೇಶದಲ್ಲಿ 1776ರಲ್ಲಿ ಆಡಂ ಸ್ಮಿತ್, 1817ರಲ್ಲಿ ಡೇವಿಡ್ ರಿಕಾರ್ಡೊ ಮುಕ್ತ ವ್ಯಾಪಾರದ ಸಿದ್ಧಾಂತವನ್ನು ಕಟ್ಟಿದರು. ರಿಕಾರ್ಡೊನ ತುಲನಾತ್ಮಕ ಅನುಕೂಲದ ತತ್ತ್ವ ಹೇಳುವುದಿಷ್ಟು: ಎಲ್ಲ ಸರಕುಗಳ ಉತ್ಪಾದನೆಯಲ್ಲೂ ಹಿಂದುಳಿದ ದೇಶ ಸಹ ತಾನು ಹೋಲಿಕೆಯಲ್ಲಿ ಕಡಿಮೆ ಹಿಂದುಳಿದಿರುವ ಸರಕನ್ನು ತಯಾರಿಸಿ ಮಾರಿ, ಉಳಿದದ್ದನ್ನು ಕೊಂಡರೆ ಎರಡೂ ದೇಶಗಳಿಗೆ ಲಾಭ. ಈ ತರ್ಕದಲ್ಲಿ ಇಂದಿಗೂ ಯಾರೂ ತಪ್ಪು ಕಂಡುಹಿಡಿದಿಲ್ಲ. ಆದರೆ ಇಂದಿನ ಅನುಕೂಲ ನಾಳೆಯೂ ಅದೇ ಆಗಿರಬೇಕೆ, ಮೆಣಸು ಬೆಳೆಯುವ ನಾಡು ಎಂದೆಂದಿಗೂ ಮೆಣಸನ್ನೇ ಬೆಳೆಯುತ್ತಿರಬೇಕೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಅಮೆರಿಕದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲೇ ಎತ್ತಿದ್ದ. ಜರ್ಮನಿಯ ಫ್ರೆಡರಿಕ್ ಲಿಸ್ಟ್ 1841ರಲ್ಲಿ ಅದಕ್ಕೆ ಶೈಶವ ಉದ್ದಿಮೆಯ ವಾದದ ರೂಪ ಕೊಟ್ಟ. ಎಳೆಯ ಉದ್ದಿಮೆ ಕೆಲಸ ಕಲಿಯುವವರೆಗೆ ಅದಕ್ಕೆ ಸುಂಕದ ಆಸರೆ ಬೇಕು, ಕಲಿತ ಮೇಲೆ ಆಸರೆಯನ್ನು ತೆಗೆಯಬೇಕು ಎಂಬುದು ಆ ವಾದ.

ವಸಾಹತು ಕಾಲದ ಮುಕ್ತ ವ್ಯಾಪಾರ ಮತ್ತು ಭಾರತೀಯ ವಿಮರ್ಶೆ

ಹತ್ತೊಂಬತ್ತನೆಯ ಶತಮಾನದ ಭಾರತಕ್ಕೆ ಆಯ್ಕೆಯ ಸ್ವಾತಂತ್ರ್ಯವಿರಲಿಲ್ಲ. 1860ರ ದಶಕದ ಆರಂಭದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿಯ ಅಭಾವ ತಲೆದೋರಿದಾಗ, ಧಾರವಾಡದ ಹತ್ತಿಯನ್ನು ನೇರವಾಗಿ ಹಡಗಿಗೆ ತುಂಬಲು ಕಾರವಾರದ ಸಹಜ ಬಂದರು ತಕ್ಕದ್ದೆಂದು ಮ್ಯಾಂಚೆಸ್ಟರಿನ ಹಿತಾಸಕ್ತರು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿ ಕಾರವಾರವನ್ನು ಜಿಲ್ಲೆಯ ಕೇಂದ್ರವನ್ನಾಗಿ ಮಾಡಿದ್ದರ ಹಿಂದೆ ಈ ಲೆಕ್ಕಾಚಾರವಿತ್ತು. ಘಟ್ಟ ಇಳಿಯುವ ರಸ್ತೆಗಳು ಬಂದವು, ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಹಾಕುವ ಮಾತೂ ಬಂತು. ಆದರೆ 1878ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಪ್ಪಂದವೊಂದಕ್ಕೆ ಸಹಿ ಹಾಕಿ, ಬ್ರಿಟಿಷ್ ಭಾರತ ಮತ್ತು ಗೋವೆಗಳ ನಡುವೆ ಸುಂಕದ ಗಡಿಯನ್ನು ತೆಗೆದುಹಾಕಿ, ಮಾರ್ಮಗೋವೆಯಿಂದ ಘಟ್ಟದ ಮೇಲಕ್ಕೆ ರೈಲು ಕಟ್ಟಲು ಒಪ್ಪಿಕೊಂಡವು. 1888ರ ಹೊತ್ತಿಗೆ ಆ ರೈಲು ಕ್ಯಾಸಲ್‌ರಾಕ್ ದಾಟಿ ಒಳನಾಡನ್ನು ಮುಟ್ಟಿತು. ಧಾರವಾಡದ ಹತ್ತಿ ಕಾರವಾರವನ್ನು ಬಿಟ್ಟು ಮಾರ್ಮಗೋವೆಯ ಹಾದಿ ಹಿಡಿಯಿತು. ಸುಂಕದ ಒಕ್ಕೂಟ 1892ರಲ್ಲಿ ಮುರಿದುಬಿತ್ತು, ಹಳಿ ಮಾತ್ರ ಅಲ್ಲೇ ಉಳಿಯಿತು. ಕಾರವಾರದ ವ್ಯಾಪಾರ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಈ ಪ್ರಕರಣ ತೋರಿಸುವ ಸತ್ಯವನ್ನು ಅರ್ಥಶಾಸ್ತ್ರ ಅಂಕಿಅಂಶಗಳ ಮೂಲಕ ದೃಢಪಡಿಸಿದ್ದು ಬಹಳ ತಡವಾಗಿ. ಬ್ರಿಟಿಷ್ ಭಾರತದ ರೈಲುಗಳನ್ನು ಕುರಿತು ಡೇವ್ ಡೊನಾಲ್ಡ್‌ಸನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ, ರೈಲು ಮುಟ್ಟಿದ ಜಿಲ್ಲೆಗಳಲ್ಲಿ ಕೃಷಿಯ ನೈಜ ಆದಾಯ ಸುಮಾರು ಶೇ. 16ರಷ್ಟು ಏರಿತೆಂದೂ ಆ ಏರಿಕೆಗೆ ಸಾಗಣೆ ವೆಚ್ಚ ತಗ್ಗಿದ್ದೇ ಮುಖ್ಯ ಕಾರಣವೆಂದೂ ತೋರಿಸುತ್ತದೆ. ಅಂದರೆ ಬಂದರಿನ ಕಟ್ಟೆಯಲ್ಲಿ ಹಾಕುವ ಸುಂಕ ವ್ಯಾಪಾರದ ವೆಚ್ಚದ ಒಂದು ಭಾಗ ಮಾತ್ರ. ಬಂದರಿಗೆ ಬರುವ ಹಾದಿಯೇ ದುಬಾರಿಯಾದರೆ ಸುಂಕವಿಲ್ಲದಿದ್ದರೂ ಬಂದರು ಮುಚ್ಚಿದಂತೆಯೇ. 1990ರ ದಶಕದ ಕೊನೆಯಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲೆ ರೈಲುಮಾರ್ಗ ಪಶ್ಚಿಮಘಟ್ಟದ ಕಾಡಿನ ಪ್ರಶ್ನೆಯಿಂದಾಗಿ ಇಂದಿಗೂ ಪೂರ್ಣಗೊಂಡಿಲ್ಲ. 1998ರ ಜನವರಿಯಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲು ಹಾರವಾಡದ ನಿಲ್ದಾಣದ ಮೂಲಕ ಹಾದುಹೋದರೂ ಅದು ತೀರದ ಉದ್ದಕ್ಕೆ ಓಡುವ ಹಳಿಯೇ ಹೊರತು ತೀರವನ್ನು ಒಳನಾಡಿಗೆ ಜೋಡಿಸುವ ಹಳಿಯಲ್ಲ.

ವಸಾಹತು ಕಾಲದ ನೀತಿಯ ಮೊದಲ ವ್ಯವಸ್ಥಿತ ವಿಮರ್ಶೆ ಭಾರತೀಯರಿಂದಲೇ ಬಂತು. ದಾದಾಭಾಯಿ ನವರೋಜಿ ಸಂಪತ್ತಿನ ಸೋರಿಕೆಯ ಸಿದ್ಧಾಂತವನ್ನು ಮಂಡಿಸಿದರು. ಮಹಾದೇವ ಗೋವಿಂದ ರಾನಡೆ 1892ರ ಪುಣೆಯ ಉಪನ್ಯಾಸದಲ್ಲಿ, ಇಂಗ್ಲೆಂಡಿಗೆ ಒಪ್ಪುವ ಸಿದ್ಧಾಂತ ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಒಪ್ಪಬೇಕಿಲ್ಲವೆಂದು ಲಿಸ್ಟ್‌ನ ಜಾಡಿನಲ್ಲಿ ವಾದಿಸಿದರು. ಆ ವಾದಕ್ಕೆ ಆಧಾರವನ್ನು ಸರ್ಕಾರವೇ ಒದಗಿಸಿತು. 1882ರಲ್ಲಿ ಆಮದು ಬಟ್ಟೆಯ ಮೇಲಿನ ಸುಂಕವನ್ನು ತೆಗೆದದ್ದು, 1896ರಲ್ಲಿ ಶೇ. 3.5 ಸುಂಕ ಹಾಕಿದಾಗ ಅಷ್ಟೇ ಪ್ರಮಾಣದ ಅಬಕಾರಿಯನ್ನು ಭಾರತದ ಗಿರಣಿಗಳ ಬಟ್ಟೆಯ ಮೇಲೂ ಹೇರಿದ್ದು, ನೀತಿ ಯಾರ ಹಿತಕ್ಕಾಗಿ ಎಂಬುದನ್ನು ತಿಳಿಯಪಡಿಸಿತು. ಉಪ್ಪಿನ ಕರದಲ್ಲಿ ಈ ಅನ್ಯಾಯ ಪ್ರತಿ ಮನೆಯ ಅಡಿಗೆಯನ್ನೂ ಮುಟ್ಟಿತ್ತು. ಕಡಲ ನೀರು ಗದ್ದೆಗೆ ನುಗ್ಗಿ ಆರಿದರೆ ಉಪ್ಪು ತಾನಾಗಿ ಕಟ್ಟುವ ಸೀಮೆಯಲ್ಲಿ ಆ ಉಪ್ಪನ್ನು ಬಾಚಿಕೊಳ್ಳುವುದು ಅಪರಾಧವಾಗಿತ್ತು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ನಡೆದ ಉಪ್ಪಿನ ಸತ್ಯಾಗ್ರಹವನ್ನು ರಾಷ್ಟ್ರೀಯ ಹೋರಾಟದ ಅಧ್ಯಾಯವಾಗಿ ಓದುವುದು ಸರಿಯೇ. ಸುಂಕ ಮತ್ತು ಏಕಸ್ವಾಮ್ಯದ ನೀತಿಯನ್ನು ರೂಪಿಸುವ ಹಕ್ಕು ಯಾರದು ಎಂಬ ಅರ್ಥಶಾಸ್ತ್ರದ ಪ್ರಶ್ನೆಯಾಗಿಯೂ ಅದನ್ನು ಓದಬೇಕು.

ಇದೇ ಹೊತ್ತಿಗೆ ಮೈಸೂರು ಸಂಸ್ಥಾನ ಬೇರೊಂದು ಪ್ರಯೋಗದಲ್ಲಿ ತೊಡಗಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಂಥ ಉದ್ದಿಮೆಗಳನ್ನು ಸರ್ಕಾರವೇ ಕಟ್ಟಿ ಬೆಳೆಸುವ ದಾರಿಯನ್ನು ಹಿಡಿದ ಎಂ. ವಿಶ್ವೇಶ್ವರಯ್ಯನವರು 1934ರಲ್ಲಿ ಯೋಜಿತ ಆರ್ಥಿಕತೆಯನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಕಡಲತೀರವೇ ಇಲ್ಲದ, ಆಮದು ಸುಂಕದ ಮೇಲೆ ಅಧಿಕಾರವಿಲ್ಲದ ಸಂಸ್ಥಾನಕ್ಕೆ ಸ್ವಂತ ಬಂದರೊಂದು ಬೇಕೆಂದು ಭಟ್ಕಳದ ಕಡೆಗೆ ಅವರು ದೃಷ್ಟಿ ನೆಟ್ಟದ್ದು ಅವರ ದೂರದೃಷ್ಟಿಗೆ ಸಾಕ್ಷಿ. ಭಟ್ಕಳ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಆ ಆಸೆ ಕೈಗೂಡಲಿಲ್ಲ.

ಆಮದು ಪರ್ಯಾಯದ ಕಾಲ

1950ರಲ್ಲಿ ಅರ್ಜೆಂಟೀನಾದ ರೌಲ್ ಪ್ರೆಬಿಷ್ ಮತ್ತು ಜರ್ಮನಿ ಮೂಲದ ಹಾನ್ಸ್ ಸಿಂಗರ್ ಬೇರೆಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದರು. ಕಚ್ಚಾ ಸರಕನ್ನು ಮಾರಿ ತಯಾರಾದ ಸರಕನ್ನು ಕೊಳ್ಳುವ ದೇಶಗಳ ವಿನಿಮಯ ಷರತ್ತು, ಅಂದರೆ ರಫ್ತಿನ ಬೆಲೆಗೂ ಆಮದಿನ ಬೆಲೆಗೂ ಇರುವ ಅನುಪಾತ, ದೀರ್ಘಕಾಲದಲ್ಲಿ ಕುಸಿಯುತ್ತ ಹೋಗುತ್ತದೆ ಎಂಬುದು ಆ ತೀರ್ಮಾನ. ಹಾಗಿದ್ದರೆ ಹೊರಗಿನಿಂದ ಕೊಳ್ಳುತ್ತಿರುವುದನ್ನು ದೇಶದಲ್ಲೇ ತಯಾರಿಸುವುದೊಂದೇ ದಾರಿ. ಇದಕ್ಕೆ ಆಮದು ಪರ್ಯಾಯ ನೀತಿ ಎಂಬ ಹೆಸರು ಬಂತು. ಭಾರತದ ಎರಡನೆಯ ಪಂಚವಾರ್ಷಿಕ ಯೋಜನೆ 1956ರಲ್ಲಿ ಮಹಾಲನೋಬಿಸ್ ಮಾದರಿಯನ್ನು ಅನುಸರಿಸಿ ಭಾರೀ ಉದ್ದಿಮೆಗಳಿಗೆ ಆದ್ಯತೆ ಕೊಟ್ಟಿತು. ಅದೇ ವರ್ಷ ಸಿ. ಎನ್. ವಕೀಲ್ ಮತ್ತು ಪಿ. ಆರ್. ಬ್ರಹ್ಮಾನಂದ ಅವರು, ದುಡಿಯುವವರ ಅನ್ನ ಬಟ್ಟೆಯ ಉತ್ಪಾದನೆ ಮೊದಲು ಹೆಚ್ಚಬೇಕೆಂಬ ಬದಲಿ ವಾದವನ್ನು ಮುಂದಿಟ್ಟರೂ ಅದಕ್ಕೆ ಮನ್ನಣೆ ಸಿಗಲಿಲ್ಲ.

ಕಾರವಾರದ ಉತ್ತರಕ್ಕಿರುವ ಮಾಜಾಳಿಯ ಗಡಿಯಲ್ಲಿ ಈ ಕಾಲದ ಎರಡು ನೀತಿಗಳು ಎದುರುಬದುರಾಗಿ ನಿಂತಿದ್ದವು. ಆಚೆಗೆ ಪೋರ್ಚುಗೀಸರ ಗೋವೆ; ಅಲ್ಲಿ ವಿದೇಶಿ ಸರಕು ಸುಲಭವಾಗಿ ಸಿಗುತ್ತಿತ್ತು ಮತ್ತು ಜಪಾನಿಗೆ ಹೋಗುವ ಕಬ್ಬಿಣದ ಅದಿರಿನ ಹಣ ಹರಿಯುತ್ತಿತ್ತು. ಈಚೆಗೆ ಪರವಾನಗಿಯಿಲ್ಲದೆ ಗಡಿಯಾರವೂ ಒಳಬರಲಾಗದ ಭಾರತ. 1955ರಲ್ಲಿ ಭಾರತ ಗೋವೆಯ ಮೇಲೆ ಆರ್ಥಿಕ ದಿಗ್ಬಂಧನ ಹೇರಿದ ಮೇಲೆ ನೆಂಟಸ್ತಿಕೆಯೂ ಕೊಡುಕೊಳ್ಳುವಿಕೆಯೂ ಒಂದೇ ಆಗಿದ್ದ ಎರಡು ದಡಗಳು 1961ರ ವಿಮೋಚನೆಯವರೆಗೆ ಬೇರ್ಪಟ್ಟವು.

ಆಮದು ಪರ್ಯಾಯ ಈ ಜಿಲ್ಲೆಗೆ ಏನನ್ನೂ ತರಲಿಲ್ಲ ಎನ್ನುವಂತಿಲ್ಲ. ದಾಂಡೇಲಿಯ ಕಾಗದದ ಗಿರಣಿ, ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಗಳು ಸಾವಿರಾರು ಜನರಿಗೆ ಸಂಬಳದ ಕೆಲಸ ಕೊಟ್ಟವು. ಆದರೆ ರಕ್ಷಣೆಯ ವೆಚ್ಚವನ್ನು ಯಾರು ಹೊತ್ತರೆಂಬುದನ್ನೂ ಕೇಳಬೇಕು. ಗಿರಣಿಗೆ ಬಿದಿರನ್ನು ಆರಂಭದಲ್ಲಿ ಟನ್ನಿಗೆ ಒಂದೂವರೆ ರೂಪಾಯಿಯಷ್ಟು ಅಲ್ಪ ದರಕ್ಕೆ ಕೊಡಲಾಗುತ್ತಿತ್ತೆಂದೂ ಪೇಟೆಯಲ್ಲಿ ಬಿದಿರು ಕೊಳ್ಳುತ್ತಿದ್ದ ಬುಟ್ಟಿ ಹೆಣೆಯುವವರು ಅದರ ಎಷ್ಟೋ ಪಟ್ಟು ತೆರುತ್ತಿದ್ದರೆಂದೂ ಮಾಧವ ಗಾಡ್ಗೀಳ್ ತೋರಿಸಿಕೊಟ್ಟಿದ್ದಾರೆ. ಸುಂಕದ ಗೋಡೆಯ ಒಳಗೆ ಬೆಳೆದ ಉದ್ದಿಮೆಗೆ ಕಾಡಿನ ಬಡವರು ಹೀಗೆ ಕಣ್ಣಿಗೆ ಕಾಣದ ಸಹಾಯಧನವನ್ನು ಕೊಟ್ಟರು.

ರಕ್ಷಣೆಯ ಲೆಕ್ಕ ಮತ್ತು ರಫ್ತಿನ ಕಡೆಗಿನ ತಿರುವು

1960ರ ದಶಕದ ನಡುವಿನಲ್ಲಿ ಬೇಲಾ ಬಲಾಸಾ ಮತ್ತು ಮ್ಯಾಕ್ಸ್ ಕಾರ್ಡನ್ ರೂಪಿಸಿದ ಪರಿಣಾಮಕಾರಿ ರಕ್ಷಣಾ ದರ ಎಂಬ ಅಳತೆ ಈ ಕ್ಷೇತ್ರದ ದಿಕ್ಕನ್ನು ಬದಲಿಸಿತು. ಸುಂಕ ತಯಾರಾದ ಸರಕಿಗೆ ಕೊಡುವ ಆಸರೆಯನ್ನು ಮಾತ್ರ ನೋಡದೆ, ಆ ಸರಕಿನ ಕಚ್ಚಾವಸ್ತುಗಳ ಮೇಲಿನ ಸುಂಕವನ್ನೂ ಕಳೆದು, ತಯಾರಕನ ಕೈಯಲ್ಲಿ ಉಳಿಯುವ ಮೌಲ್ಯಕ್ಕೆ ನಿಜವಾಗಿ ಎಷ್ಟು ರಕ್ಷಣೆ ಸಿಕ್ಕಿತೆಂದು ಅದು ಲೆಕ್ಕ ಹಾಕುತ್ತದೆ. ಒಂದು ಮೀನುಬಲೆಯ ಜಾಗತಿಕ ಬೆಲೆ 100 ರೂಪಾಯಿ, ಅದಕ್ಕೆ ಬೇಕಾದ ನೈಲಾನ್ ನೂಲಿನ ಬೆಲೆ 60 ರೂಪಾಯಿ ಎಂದಿಟ್ಟುಕೊಳ್ಳೋಣ. ಬಲೆ ಹೆಣೆಯುವವನು ಸೇರಿಸುವ ಮೌಲ್ಯ 40 ರೂಪಾಯಿ. ಬಲೆಗೆ ಶೇ. 20 ಸುಂಕ ಹಾಕಿ ನೂಲನ್ನು ಸುಂಕವಿಲ್ಲದೆ ಬಿಟ್ಟರೆ ಅವನಿಗೆ 60 ರೂಪಾಯಿ ದಕ್ಕುತ್ತದೆ, ಅಂದರೆ ನಿಜವಾದ ರಕ್ಷಣೆ ಶೇ. 50. ನೂಲಿಗೂ ಶೇ. 40 ಸುಂಕ ಬಿದ್ದರೆ ನೂಲಿನ ಬೆಲೆ 84 ರೂಪಾಯಿಯಾಗಿ ಅವನಿಗೆ ಉಳಿಯುವುದು 36 ಮಾತ್ರ. ರಕ್ಷಣೆಯ ಹೆಸರಿನಲ್ಲಿ ಅವನಿಗೆ ಶಿಕ್ಷೆಯಾಯಿತು. ಆ ಬಲೆಯನ್ನು ಕೊಳ್ಳುವ ಮೀನುಗಾರನಿಗಂತೂ ಎರಡೂ ಸಂದರ್ಭಗಳಲ್ಲಿ 20 ರೂಪಾಯಿಯ ನಷ್ಟ.

ಈ ಬಗೆಯ ಲೆಕ್ಕವನ್ನು ಹಲವು ದೇಶಗಳಿಗೆ ಅನ್ವಯಿಸಿದ ಲಿಟಲ್, ಸಿಟೊವ್‌ಸ್ಕಿ ಮತ್ತು ಸ್ಕಾಟ್ ಅವರ ಗ್ರಂಥವೂ ಭಾರತವನ್ನೇ ಕುರಿತು ಜಗದೀಶ ಭಗವತಿ ಮತ್ತು ಪದ್ಮಾ ದೇಸಾಯಿ ಬರೆದ ಗ್ರಂಥವೂ 1970ರಲ್ಲಿ ಹೊರಬಂದವು. ಎಗ್ಗಿಲ್ಲದೆ ಹರಡಿದ ರಕ್ಷಣೆ ಉದ್ದಿಮೆಯನ್ನು ಬೆಳೆಸುವ ಬದಲು ಅದಕ್ಷತೆಯನ್ನು ಕಾಯುತ್ತಿದೆ, ರಫ್ತನ್ನು ತುಳಿಯುತ್ತಿದೆ ಎಂಬುದು ಅವುಗಳ ಒಟ್ಟು ತೀರ್ಮಾನ. ಪರವಾನಗಿ ಗಿಟ್ಟಿಸಿಕೊಳ್ಳಲು ಸುರಿಯುವ ಶ್ರಮ ಮತ್ತು ಹಣವೂ ಸಮಾಜಕ್ಕೆ ನಷ್ಟವೇ ಎಂದು ಆನ್ ಕ್ರೂಗರ್ 1974ರಲ್ಲಿ ತೋರಿಸಿದರು. ಕೊರಿಯಾ, ತೈವಾನುಗಳ ವೇಗದ ಬೆಳವಣಿಗೆ ರಫ್ತುಮುಖಿ ನೀತಿಯ ವಿಜಯವೆಂಬ ಮಾತು ಬಲವಾಯಿತು. ಆದರೆ ಆಲಿಸ್ ಆಮ್ಸ್‌ಡೆನ್ 1989ರಲ್ಲಿ, ರಾಬರ್ಟ್ ವೇಡ್ 1990ರಲ್ಲಿ ಬರೆದ ಗ್ರಂಥಗಳು ಆ ದೇಶಗಳ ಸರ್ಕಾರಗಳು ಕೈಕಟ್ಟಿ ಕೂತಿರಲಿಲ್ಲವೆಂದು ನೆನಪಿಸಿದವು: ಸಾಲ, ಸುಂಕ, ಸಹಾಯಧನ ಎಲ್ಲವೂ ಇದ್ದವು, ಜೊತೆಗೆ ರಫ್ತಿನ ಗುರಿ ಮುಟ್ಟದ ಕಂಪನಿಯಿಂದ ಅವನ್ನು ಹಿಂತೆಗೆಯುವ ಶಿಸ್ತೂ ಇತ್ತು.

ಕಾರವಾರ–ಅಂಕೋಲೆ ತೀರದಲ್ಲಿ ರಫ್ತಿನ ಸೆಳೆತ ಸಿಗಡಿಯ ರೂಪದಲ್ಲಿ ಬಂತು. ಕೇರಳದಲ್ಲಿ ಆರಂಭವಾದ ಭಾರತ–ನಾರ್ವೆ ಮೀನುಗಾರಿಕೆ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿ ಯಂತ್ರದೋಣಿಗಳ ಬಳಕೆಗೆ ಒತ್ತು ಕೊಟ್ಟಿತು. 1966ರ ಜೂನ್‌ನಲ್ಲಿ ಡಾಲರಿನ ಬೆಲೆ 4.76 ರೂಪಾಯಿಯಿಂದ 7.50ಕ್ಕೆ ಏರಿದಾಗ ರಫ್ತುದಾರನ ಕೈಗೆ ಬರುವ ರೂಪಾಯಿ ಹೆಚ್ಚಿತು. 1972ರಲ್ಲಿ ಕೊಚ್ಚಿಯಲ್ಲಿ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು. ಅದುವರೆಗೆ ಊರಿನ ಅಡಿಗೆಗೂ ಒಣಮೀನಿಗೂ ಮೀಸಲಾಗಿದ್ದ ಶೆಟ್ಲಿಗೆ, ಅಂದರೆ ಸಿಗಡಿಗೆ, ಹಠಾತ್ತನೆ ಡಾಲರಿನ ಬೆಲೆ ಬಂತು. ಇಂದಿಗೂ ಕಾರವಾರದ ಬೈತಖೋಲದ ಧಕ್ಕೆಯಲ್ಲಿ ಈ ವಿಂಗಡಣೆಯನ್ನು ಕಣ್ಣಾರೆ ಕಾಣಬಹುದು: ಟ್ರಾಲರಿನಿಂದ ಇಳಿದ ರಾಶಿಯಲ್ಲಿ ಸಿಗಡಿಯನ್ನು ಗಾತ್ರ ನೋಡಿ ಬೇರ್ಪಡಿಸುತ್ತಾರೆ, ಕಿಲೋ ತೂಗಲು ಎಷ್ಟು ಸಿಗಡಿ ಬೇಕೆಂಬ ಎಣಿಕೆಯ ಮೇಲೆ ದರ ನಿಲ್ಲುತ್ತದೆ, ದೊಡ್ಡವು ಐಸಿನ ಪೆಟ್ಟಿಗೆ ಸೇರಿ ರಫ್ತಿನ ಕಾರ್ಖಾನೆಯ ದಾರಿ ಹಿಡಿಯುತ್ತವೆ, ಬಂಗಡೆ ಮತ್ತು ತಾರ್ಲೆ ಪೇಟೆಯ ಬುಟ್ಟಿಗಳಿಗೆ ಹೋಗುತ್ತವೆ.

ಈ ಬೆಳವಣಿಗೆಯ ಇನ್ನೊಂದು ಮುಖ ರಂಪಣಿಯ ಅವಸಾನ. ರಂಪಣಿ ಎಂದರೆ ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಸುತ್ತುಹಾಕಿ, ಹತ್ತಾರು ಜನ ದಡದಲ್ಲಿ ನಿಂತು ಎಳೆಯುವ ಭಾರೀ ಬಲೆ. ಸಿಕ್ಕಿದ ಮೀನಿನಲ್ಲಿ ಬಲೆಗೆ, ದೋಣಿಗೆ, ಎಳೆದ ಕೈಗಳಿಗೆ ಪಾಲು ಇರುತ್ತಿತ್ತು. 1970ರ ದಶಕದಲ್ಲಿ ಟ್ರಾಲರುಗಳ ಬೆನ್ನಿಗೇ ಪರ್ಸೀನ್ ಬಲೆಗಳು ಬಂದು ಮೀನಿನ ಗುಂಪನ್ನು ದಡ ಮುಟ್ಟುವ ಮೊದಲೇ ಹಿಡಿಯತೊಡಗಿದಾಗ ಆ ಪಾಲುಗಾರಿಕೆ ಕುಸಿಯಿತು. ಹಿಡಿದ ಮೀನಿನ ಮೊತ್ತ ಏರಿತು, ಹಂಚಿಕೆಯ ಸ್ವರೂಪ ಬದಲಾಯಿತು. ವ್ಯಾಪಾರದಿಂದ ಒಟ್ಟು ಆದಾಯ ಹೆಚ್ಚುತ್ತದೆ ಎಂಬ ಸಿದ್ಧಾಂತದ ಮಾತು ಇಲ್ಲಿ ನಿಜವಾಯಿತು. ಗೆದ್ದವರು ಸೋತವರಿಗೆ ನಷ್ಟ ತುಂಬಿಕೊಡಬಹುದು ಎಂಬ ಅದರ ಊಹೆ ಮಾತ್ರ ಕಾಗದದಲ್ಲೇ ಉಳಿಯಿತು.

ಉದಾರೀಕರಣ ಮತ್ತು ಅಳತೆಯ ವಿವಾದ

1991ರ ವಿದೇಶಿ ವಿನಿಮಯದ ಬಿಕ್ಕಟ್ಟಿನ ನಂತರ ಭಾರತ ರೂಪಾಯಿಯ ಬೆಲೆ ಇಳಿಸಿ, ಆಮದು ಪರವಾನಗಿಗಳನ್ನು ಸಡಿಲಿಸಿ, ಗರಿಷ್ಠ ಸುಂಕವನ್ನು ಶೇ. 150ರಿಂದ 1994–95ರ ಹೊತ್ತಿಗೆ ಶೇ. 65ಕ್ಕೆ, 2007ರ ಹೊತ್ತಿಗೆ ಕೃಷಿಯೇತರ ಸರಕುಗಳಿಗೆ ಶೇ. 10ಕ್ಕೆ ತಂದಿತು. ಅದೇ ಕಾಲದಲ್ಲಿ ವಿದ್ವಾಂಸರು ಹತ್ತಾರು ದೇಶಗಳ ಅಂಕಿಅಂಶಗಳನ್ನು ಒಟ್ಟಿಗಿಟ್ಟು ಮುಕ್ತತೆಗೂ ಬೆಳವಣಿಗೆಗೂ ಇರುವ ನಂಟನ್ನು ಅಳೆಯತೊಡಗಿದರು. ಮುಕ್ತ ದೇಶಗಳು ಮುಚ್ಚಿದ ದೇಶಗಳಿಗಿಂತ ಸ್ಪಷ್ಟವಾಗಿ ವೇಗವಾಗಿ ಬೆಳೆದಿವೆ ಎಂದು ಜೆಫ್ರಿ ಸ್ಯಾಕ್ಸ್ ಮತ್ತು ಆಂಡ್ರ್ಯೂ ವಾರ್ನರ್ 1995ರಲ್ಲಿ ಸಾರಿದರು. ಫ್ರಾನ್ಸಿಸ್ಕೊ ರೊಡ್ರಿಗೆಜ್ ಮತ್ತು ಡ್ಯಾನಿ ರೋಡ್ರಿಕ್ ಕೆಲವೇ ವರ್ಷಗಳಲ್ಲಿ ಆ ಅಳತೆಗೋಲನ್ನೇ ಪ್ರಶ್ನಿಸಿದರು: ಮುಕ್ತತೆ ಎಂದು ಅಳೆದದ್ದರಲ್ಲಿ ಸುಂಕದ ಪಾತ್ರ ಕಡಿಮೆ, ಕಾಳಸಂತೆಯ ವಿನಿಮಯ ದರ ಮತ್ತು ರಫ್ತಿನ ಮೇಲಿನ ಸರ್ಕಾರಿ ಏಕಸ್ವಾಮ್ಯಗಳ ಪಾತ್ರ ಹೆಚ್ಚು, ಅವು ದುರಾಡಳಿತದ ಲಕ್ಷಣಗಳೇ ಹೊರತು ವ್ಯಾಪಾರ ನೀತಿಯವಲ್ಲ ಎಂಬುದು ಅವರ ಆಕ್ಷೇಪ. ವಾಸಿಯರ್ಗ್ ಮತ್ತು ವೆಲ್ಚ್ 2008ರಲ್ಲಿ ಒಂದೊಂದು ದೇಶವನ್ನೂ ಉದಾರೀಕರಣದ ಹಿಂದಿನ ಮತ್ತು ಮುಂದಿನ ಅವಧಿಗಳಲ್ಲಿ ಹೋಲಿಸಿ, ಸರಾಸರಿ ಬೆಳವಣಿಗೆ ಸುಮಾರು ಶೇಕಡಾ ಒಂದೂವರೆ ಅಂಶ ಹೆಚ್ಚಿದ್ದನ್ನು ಕಂಡರು. ಆದರೆ ಸರಾಸರಿಯ ಹಿಂದೆ ದೇಶದಿಂದ ದೇಶಕ್ಕೆ ದೊಡ್ಡ ಅಂತರವಿತ್ತು.

ಈ ವಿವಾದದಿಂದ ಬೇಸತ್ತ ಸಂಶೋಧನೆ ದೇಶಗಳನ್ನು ಬಿಟ್ಟು ಜಿಲ್ಲೆ ಮತ್ತು ಕಾರ್ಖಾನೆಗಳ ಮಟ್ಟಕ್ಕೆ ಇಳಿಯಿತು, ಮತ್ತು ಭಾರತವೇ ಅದರ ಮುಖ್ಯ ಪ್ರಯೋಗಭೂಮಿಯಾಯಿತು. ಸುಂಕ ಕಡಿತದ ಬಿಸಿ ಹೆಚ್ಚು ತಟ್ಟಿದ ಗ್ರಾಮೀಣ ಜಿಲ್ಲೆಗಳಲ್ಲಿ ಬಡತನ ಇಳಿಯುವ ವೇಗ ಇತರ ಜಿಲ್ಲೆಗಳಿಗಿಂತ ನಿಧಾನವಾಯಿತೆಂದು ಪೆಟಿಯಾ ಟೊಪಲೋವಾ 2010ರಲ್ಲಿ ತೋರಿಸಿದರು. ದುಡಿಯುವವರು ಕುಸಿಯುವ ಕಸುಬಿನಿಂದ ಬೆಳೆಯುವ ಕಸುಬಿಗೆ ಸುಲಭವಾಗಿ ಹೋಗಲಾರದ್ದೇ ಇದಕ್ಕೆ ಕಾರಣ. ಅದೇ ವರ್ಷ ಗೋಲ್ಡ್‌ಬರ್ಗ್, ಖಂಡೇಲವಾಲ್, ಪಾವ್ಚ್‌ನಿಕ್ ಮತ್ತು ಟೊಪಲೋವಾ, ಬಿಡಿಭಾಗ ಮತ್ತು ಕಚ್ಚಾವಸ್ತುಗಳ ಮೇಲಿನ ಸುಂಕ ಇಳಿದದ್ದರಿಂದ ಭಾರತೀಯ ಕಂಪನಿಗಳು ಹೊಸ ಹೊಸ ಸರಕುಗಳನ್ನು ತಯಾರಿಸತೊಡಗಿದವೆಂದು ಕಂಡುಕೊಂಡರು. ಮೊದಲಿನ ಬಲೆ ಮತ್ತು ನೂಲಿನ ಲೆಕ್ಕ ಇಲ್ಲಿ ದೇಶವ್ಯಾಪಿ ಸಾಕ್ಷ್ಯವಾಗಿ ಮರಳಿ ಬಂದಿದೆ. ಒಂದೇ ನೀತಿ ಒಂದು ಕಡೆ ಉತ್ಪಾದನೆಯನ್ನು ಹಿಗ್ಗಿಸಿ ಇನ್ನೊಂದು ಕಡೆ ಬದುಕನ್ನು ಕುಗ್ಗಿಸಬಲ್ಲದು ಎಂಬುದು ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಿದಾಗ ಹೊಳೆಯುವ ಮಾತು.

ಘಟ್ಟದ ಮೇಲಿನ ಮೆಣಸಿನ ಬೆಳೆಗಾರರಿಗೆ ಇದು ಅನುಭವದ ಮಾತೇ ಆಗಿತ್ತು. ಶ್ರೀಲಂಕಾದೊಡನೆ 1998ರ ಡಿಸೆಂಬರ್‌ನಲ್ಲಿ ಸಹಿಯಾದ ಮುಕ್ತ ವ್ಯಾಪಾರ ಒಪ್ಪಂದ 2000ದ ಮಾರ್ಚ್‌ನಿಂದ ಜಾರಿಗೆ ಬಂತು. ಆ ಹೊತ್ತಿಗೇ ವಿಯೆಟ್ನಾಂ ಜಗತ್ತಿನ ಅತಿ ದೊಡ್ಡ ಮೆಣಸು ರಫ್ತುದಾರನಾಗಿ ಮೇಲೇರಿತು. ವಿಯೆಟ್ನಾಮಿನ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಒಳಬರುತ್ತಿದೆ ಎಂಬ ಬೆಳೆಗಾರರ ದೂರು ವರ್ಷಗಟ್ಟಲೆ ಮುಂದುವರಿಯಿತು. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿಸಲಾಯಿತು. ಸರಕು ಹುಟ್ಟಿದ ದೇಶ ಯಾವುದೆಂದು ತಪಾಸಣೆ ಮಾಡಲಾಗದ ಆಡಳಿತದ ಕೈಯಲ್ಲಿ ಒಳ್ಳೆಯ ಒಪ್ಪಂದವೂ ಬೆಳೆಗಾರನಿಗೆ ಮುಳುವಾಗುತ್ತದೆ.

ಅದಿರಿನ ಪಾಠ: ಸಂಸ್ಥೆಗಳ ಪಾತ್ರ

ರೋಡ್ರಿಕ್, ಸುಬ್ರಮಣಿಯನ್ ಮತ್ತು ಟ್ರೆಬ್ಬಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಭೌಗೋಳಿಕ ಸ್ಥಿತಿ, ವ್ಯಾಪಾರ ಮತ್ತು ಸಂಸ್ಥೆಗಳನ್ನು ಒಟ್ಟಿಗೆ ತೂಗಿ, ಸಂಸ್ಥೆಗಳೇ ಮೇಲುಗೈ ಎಂದಿತು. ಇಲ್ಲಿ ಸಂಸ್ಥೆ ಎಂದರೆ ಕಟ್ಟಡವೂ ಇಲಾಖೆಯೂ ಅಲ್ಲ. ಆಸ್ತಿಯ ಹಕ್ಕು, ಕಾನೂನಿನ ಆಳ್ವಿಕೆ, ಕರಾರು ನಡೆಯುವ ಭರವಸೆ ಇವು. ಅದಕ್ಕೂ ಮೊದಲೇ ರಿಚರ್ಡ್ ಆಟಿ 1993ರಲ್ಲಿ, ಖನಿಜ ಸಂಪತ್ತು ಹೇರಳವಾಗಿರುವ ದೇಶಗಳು ನಿಧಾನವಾಗಿ ಬೆಳೆಯುವ ವಿಪರ್ಯಾಸಕ್ಕೆ ಸಂಪನ್ಮೂಲದ ಶಾಪ ಎಂಬ ಹೆಸರಿಟ್ಟಿದ್ದರು. ಈ ಎರಡೂ ವಿಚಾರಗಳಿಗೆ ಬೇಲೆಕೇರಿಗಿಂತ ಹತ್ತಿರದ ನಿದರ್ಶನ ಕನ್ನಡ ನಾಡಿನಲ್ಲಿ ಸಿಗಲಾರದು.

ಚೀನಾದ ಉಕ್ಕಿನ ಬೇಡಿಕೆ ಏರಿ 2003ರ ನಂತರ ಅದಿರಿನ ಜಾಗತಿಕ ಬೆಲೆ ಗಗನಕ್ಕೇರಿದಾಗ, ಬಳ್ಳಾರಿ–ಹೊಸಪೇಟೆಯ ಗಣಿಗಳಿಂದ ಲಾರಿಗಳ ಸಾಲು ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಮತ್ತು ಕಾರವಾರದ ಬಂದರುಗಳನ್ನು ತುಂಬಿತು. ಕೆಂಪು ದೂಳು ರಸ್ತೆಬದಿಯ ತೋಟ ಗದ್ದೆಗಳನ್ನು ಮುಸುಕಿತು. ನೀತಿ ಬಹುಮಟ್ಟಿಗೆ ಮುಕ್ತವಾಗಿತ್ತು, ಬೇಡಿಕೆ ಅಪಾರವಾಗಿತ್ತು, ರಫ್ತು ದಾಖಲೆಯ ಮಟ್ಟ ಮುಟ್ಟಿತ್ತು. ಆದರೆ ಎಷ್ಟು ಅದಿರು ತೆಗೆಯಲಾಯಿತು, ಯಾರ ಪರವಾನಗಿಯಲ್ಲಿ ಸಾಗಿತು, ಎಷ್ಟು ರಾಜಧನ ಸಂದಿತು ಎಂಬ ಲೆಕ್ಕವೇ ತಪ್ಪಿಹೋಗಿತ್ತು. 2010ರ ಮಾರ್ಚ್‌ನಲ್ಲಿ ಬೇಲೆಕೇರಿಯಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ ಸುಮಾರು 8 ಲಕ್ಷ ಟನ್ ಅದಿರಿನಲ್ಲಿ ದೊಡ್ಡ ಭಾಗ ಕೆಲವೇ ತಿಂಗಳಲ್ಲಿ ಹಡಗು ಹತ್ತಿ ಮಾಯವಾಯಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂದು, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಕರ್ನಾಟಕದ ಅದಿರಿನ ರಫ್ತಿಗೆ ಮತ್ತೆ ಅನುಮತಿ ಸಿಕ್ಕಿದ್ದು 2022ರ ಮೇ ತಿಂಗಳಲ್ಲಿ. ಅದೇ ದಿನಗಳಲ್ಲಿ ಕೇಂದ್ರ ಸರ್ಕಾರ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿ, ನವೆಂಬರ್‌ನಲ್ಲಿ ಮತ್ತೆ ಸಡಿಲಿಸಿತು. ಬೇಲೆಕೇರಿ ಪ್ರಕರಣಗಳಲ್ಲಿ ವಿಶೇಷ ನ್ಯಾಯಾಲಯದ ತೀರ್ಪು ಬರಲು 2024ರ ಅಕ್ಟೋಬರ್ ಆಯಿತು.

ಈ ಏಳೆಂಟು ವರ್ಷಗಳ ಭರಾಟೆ ಅಂಕೋಲೆಯಲ್ಲಿ ಉಳಿಸಿದ್ದೇನು ಎಂದು ಕೇಳಿದರೆ ಉತ್ತರ ನಿರಾಶೆ ಹುಟ್ಟಿಸುತ್ತದೆ. ಉಕ್ಕಿನ ಕಾರ್ಖಾನೆ ಬರಲಿಲ್ಲ, ತಾಂತ್ರಿಕ ಕೌಶಲ ಬೇರೂರಲಿಲ್ಲ. ಸಾಲ ಮಾಡಿ ಲಾರಿ ಕೊಂಡವರು ನಿಷೇಧ ಬಂದಾಗ ಕಂತು ಕಟ್ಟಲಾಗದೆ ಕಂಗೆಟ್ಟರು. ಹದಿನೇಳನೆಯ ಶತಮಾನದಲ್ಲಿ ಮಸ್ಲಿನ್ ಕಳಿಸುತ್ತಿದ್ದ ತೀರ ಇಪ್ಪತ್ತೊಂದನೆಯ ಶತಮಾನದಲ್ಲಿ ಬರಿಯ ಮಣ್ಣನ್ನು ಕಳಿಸಿತು. ಒಂದು ದೇಶ ಎಷ್ಟು ರಫ್ತು ಮಾಡುತ್ತದೆ ಎಂಬುದಕ್ಕಿಂತ ಏನನ್ನು ರಫ್ತು ಮಾಡುತ್ತದೆ ಎಂಬುದೇ ಅದರ ಮುಂದಿನ ಬೆಳವಣಿಗೆಯನ್ನು ಸೂಚಿಸುತ್ತದೆ ಎಂದು ಹೌಸ್‌ಮನ್, ಹ್ವಾಂಗ್ ಮತ್ತು ರೋಡ್ರಿಕ್ 2007ರಲ್ಲಿ ಮಂಡಿಸಿದ ವಾದಕ್ಕೆ ಇದಕ್ಕಿಂತ ನೋವಿನ ಪುರಾವೆ ಬೇಕಿಲ್ಲ.

ಸುಂಕದ ಆಚೆಗಿನ ಗೋಡೆಗಳು ಮತ್ತು ಇಂದಿನ ಪ್ರಶ್ನೆ

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸ್ಥಾಪನೆಯಾದ ಮೇಲೆ ಸುಂಕಗಳು ತಗ್ಗಿದವು, ನಿಯಮಗಳು ಹೆಚ್ಚಿದವು. ಸಿಗಡಿಯ ಚರಿತ್ರೆಯೇ ಇದನ್ನು ಹೇಳುತ್ತದೆ. 1997ರಲ್ಲಿ ಯುರೋಪಿನ ಒಕ್ಕೂಟ ನೈರ್ಮಲ್ಯದ ಮಾನದಂಡಗಳ ಹೆಸರಿನಲ್ಲಿ ಭಾರತದ ಸಾಗರೋತ್ಪನ್ನಗಳನ್ನು ತಡೆಯಿತು. ಕಡಲಾಮೆ ಪಾರಾಗುವ ಸಾಧನವನ್ನು ಬಲೆಗೆ ಅಳವಡಿಸದ ದೇಶಗಳ ಸಿಗಡಿಯನ್ನು ಅಮೆರಿಕ ನಿಷೇಧಿಸಿದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಆ ಸಂಸ್ಥೆಗೆ ದೂರು ಕೊಟ್ಟವು; 1998ರ ಅಕ್ಟೋಬರ್‌ನ ಮೇಲ್ಮನವಿ ತೀರ್ಪು, ಕಡಲಾಮೆಯ ರಕ್ಷಣೆ ನ್ಯಾಯಯುತ ಗುರಿಯೇ ಆದರೂ ಅಮೆರಿಕ ಅದನ್ನು ಅನ್ವಯಿಸಿದ ರೀತಿ ತಾರತಮ್ಯದ್ದು ಎಂದಿತು. 2005ರ ಸುಮಾರಿಗೆ ಅಮೆರಿಕದ ಸುರಿವಿರೋಧಿ ಸುಂಕ ಬಂತು; ತಾಯ್ನಾಡಿನ ಬೆಲೆಗಿಂತ ಕಡಿಮೆಗೆ ಪರದೇಶದಲ್ಲಿ ಮಾರುವ ಸರಕಿನ ಮೇಲೆ ಹಾಕುವ ದಂಡದಂಥ ತೆರಿಗೆಯದು. 2025ರ ಆಗಸ್ಟ್ ಕೊನೆಯಲ್ಲಿ ಅಮೆರಿಕ ಭಾರತದ ಬಹುತೇಕ ಸರಕುಗಳ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ, ಮುಕ್ತ ವ್ಯಾಪಾರದ ಉಪದೇಶ ಮಾಡುತ್ತಿದ್ದ ದೇಶವೇ ಬಾಗಿಲು ಹಾಕಬಲ್ಲದೆಂಬುದು ಮತ್ತೊಮ್ಮೆ ಕಂಡಿತು. ತಾವು ಹತ್ತಿದ ಏಣಿಯನ್ನು ಸಿರಿವಂತ ದೇಶಗಳು ಒದ್ದು ಬೀಳಿಸುತ್ತವೆ ಎಂದು ಹಾ–ಜೂನ್ ಚಾಂಗ್ 2002ರಲ್ಲಿ ಬರೆದ ಮಾತು ಈಗ ಸಿದ್ಧಾಂತದ ಅಂಚಿನಿಂದ ನಡುಮನೆಗೆ ಬಂದಿದೆ, ಮತ್ತು ಸರ್ಕಾರ ಉದ್ದಿಮೆಯನ್ನು ಆಯ್ದು ಬೆಳೆಸುವ ಕೈಗಾರಿಕಾ ನೀತಿ ಮತ್ತೆ ಗಂಭೀರ ಸಂಶೋಧನೆಯ ವಸ್ತುವಾಗಿದೆ.

ಎರಡೂವರೆ ಶತಮಾನಗಳ ಈ ಚಿಂತನೆಯಿಂದ ಮೂರು ತೀರ್ಮಾನಗಳು ಗಟ್ಟಿಯಾಗಿ ನಿಂತಿವೆ. ಪೂರ್ತಿ ಮುಚ್ಚಿಕೊಂಡು ದೀರ್ಘಕಾಲ ಬೆಳೆದ ಬಡ ದೇಶವಿಲ್ಲ; ಬರಿಯ ಬಾಗಿಲು ತೆರೆದು ಬೆಳೆದ ದೇಶವೂ ಇಲ್ಲ. ರಕ್ಷಣೆಯಾಗಲಿ ಪ್ರೋತ್ಸಾಹವಾಗಲಿ ಕಾಲಮಿತಿ ಮತ್ತು ಶಿಸ್ತಿನೊಂದಿಗೆ ಬಂದಾಗ ಮಾತ್ರ ಕಲಿಕೆಯಾಗುತ್ತದೆ. ವ್ಯಾಪಾರದ ಲಾಭ ತಾನಾಗಿ ಹಂಚಿಕೆಯಾಗುವುದಿಲ್ಲ, ಅದನ್ನು ಹಂಚುವ ವ್ಯವಸ್ಥೆ ನೀತಿಯ ಒಳಗೇ ಇರಬೇಕು.

ಅಂಕೋಲೆ ತಾಲ್ಲೂಕಿನ ಕೇಣಿಯಲ್ಲಿ ಸುಮಾರು 4,119 ಕೋಟಿ ರೂಪಾಯಿ ವೆಚ್ಚದ, ಮೊದಲ ಹಂತದಲ್ಲಿ ವರ್ಷಕ್ಕೆ 3 ಕೋಟಿ ಟನ್ ಸರಕು ಸಾಗಿಸುವ ಖಾಸಗಿ ಬಂದರಿಗೆ 2023ರಲ್ಲಿ ಒಪ್ಪಿಗೆ ದೊರೆತ ಮೇಲೆ ಈ ತೀರ್ಮಾನಗಳು ಗ್ರಂಥದ ಮಾತುಗಳಾಗಿ ಉಳಿದಿಲ್ಲ. ನೌಕಾನೆಲೆಗಾಗಿ ಒಮ್ಮೆ ಕಡಲತೀರವನ್ನು ಬಿಟ್ಟುಕೊಟ್ಟ ಮೀನುಗಾರ ಕುಟುಂಬಗಳಿರುವ ಈ ಸೀಮೆಯಲ್ಲಿ ಕೇಣಿಯ ಮೀನುಗಾರರು ಬಂದರನ್ನು ವಿರೋಧಿಸುತ್ತಿರುವುದನ್ನು ಪ್ರಗತಿಯ ವಿರೋಧವೆಂದು ತಳ್ಳಿಹಾಕುವುದು ಚರಿತ್ರೆಯನ್ನು ಓದದವರ ಮಾತಾಗುತ್ತದೆ. ಆ ಬಂದರಿನಿಂದ ಹೋಗುವುದು ಮತ್ತೆ ಕಚ್ಚಾ ಅದಿರೋ ಅಥವಾ ಒಳನಾಡಿನಲ್ಲಿ ತಯಾರಾದ ಸರಕೋ, ಘಟ್ಟ ಇಳಿಯುವ ದಾರಿ ಕಾಡಿಗೆ ಎಷ್ಟು ಬೆಲೆ ತೆರಿಸುತ್ತದೆ, ತೂಕ ಮತ್ತು ರಾಜಧನದ ಲೆಕ್ಕ ಸಾರ್ವಜನಿಕರ ಕಣ್ಣಿಗೆ ಬೀಳುತ್ತದೆಯೆ, ದಡ ಕಳೆದುಕೊಳ್ಳುವವರಿಗೆ ಪರಿಹಾರದ ಚೆಕ್ಕಿನ ಜೊತೆಗೆ ಬಂದರಿನ ಆದಾಯದಲ್ಲಿ ಪಾಲೂ ಇದೆಯೆ ಎಂಬ ಪ್ರಶ್ನೆಗಳಿಗೆ ಉತ್ತರ ಮೊದಲು ಸಿಗಬೇಕು, ಕಲ್ಲು ಕಡಲಿಗೆ ಬೀಳುವುದು ಆಮೇಲೆ. ಕೋಠಿಯ ಕಾಲದಲ್ಲಿ, ಹತ್ತಿಯ ಕಾಲದಲ್ಲಿ, ಅದಿರಿನ ಕಾಲದಲ್ಲಿ ಈ ಪ್ರಶ್ನೆಗಳನ್ನು ಕೇಳುವ ಅಧಿಕಾರ ತೀರದವರಿಗೆ ಇರಲಿಲ್ಲ ಅಥವಾ ಇದ್ದರೂ ನಡೆಯಲಿಲ್ಲ. ಗ್ರಾಮಸಭೆ, ಪರಿಸರ ಅಹವಾಲು ಸಭೆ ಮತ್ತು ನ್ಯಾಯಾಲಯಗಳಿರುವ ಗಣರಾಜ್ಯದಲ್ಲಿ ಆ ಅಧಿಕಾರವಿದೆ. ವ್ಯಾಪಾರ ನೀತಿಯ ವಿದ್ವತ್ತು ಈ ತೀರಕ್ಕೆ ಏನಾದರೂ ಕೊಡಬಲ್ಲದಾದರೆ ಅದು ಆ ಅಧಿಕಾರವನ್ನು ತಿಳಿದು ಬಳಸುವ ಬಲ.